ಸೀರೆ ಒಪ್ಪಿಸಿದವನ ಹೆಸರು

ನಾನು ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ವಾರ್ಡನ್. ಕಾಗದಪತ್ರದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡವಳು. ಹಾಲು ಹಾಕುವವನಿರಲಿ, ನಲ್ಲಿ ರಿಪೇರಿಯವನಿರಲಿ, ಪೊಲೀಸ್ ವೆರಿಫಿಕೇಶನ್ ಆಗದೆ ನಮ್ಮ ಗೇಟು ದಾಟುವ ಹಾಗಿಲ್ಲ. "ಮೇಡಂ, ಎಮ್ಮೆಗೂ ಮಾಡಿಸ್ರಿ" ಅಂತ ಅಡುಗೆಯವಳು ಚುಡಾಯಿಸುತ್ತಾಳೆ. ಚುಡಾಯಿಸಲಿ, ನನಗೇನು.

ಹೋದ ವರ್ಷ ನನಗೊಂದು ಹುಚ್ಚು ಹತ್ತಿತು. ಹಾಸ್ಟೆಲ್ಲಿನಲ್ಲಿ ಒಂದು ಮಗ್ಗ ಹಾಕಿಸಿ ಹುಡುಗಿಯರಿಗೆ ನೇಯ್ಗೆ ಕಲಿಸಬೇಕು ಅಂತ. ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಸೀರೆಯ ಅಂಚು ನೋಡಿದರೆ ಯಾರ ಮನೆಯ ಮಗ್ಗದ್ದು ಅಂತ ಈಗಲೂ ಹೇಳಬಲ್ಲೆ. ಕಲಿಸುವುದಕ್ಕೆ ಒಬ್ಬ ನೇಕಾರನನ್ನು ನಾನೇ ಹುಡುಕಿದೆ. ಮೂಲ ನಮ್ಮ ಬೀದಿಯವನೇ, ಐದಾರು ವರ್ಷದಿಂದ ಗಡಿಯಾಚೆ ಆಂಧ್ರದಲ್ಲಿ ನೇಯುತ್ತಿದ್ದ. ಕೈಕೆಲಸ ಅಚ್ಚುಕಟ್ಟು, ಮಾತು ಮೆದು. ಲೈಂಗಿಕ ಅಪರಾಧಿಗಳ ಪಟ್ಟಿ ನಮ್ಮ ದೇಶದಲ್ಲಿ ಪೊಲೀಸರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಠಾಣೆಗೆ ಬರೆದು ಕೇಳಿದೆ. ಯಾವ ಪ್ರಕರಣವೂ ಇಲ್ಲ ಅಂತ ಉತ್ತರ ಬಂತು. ಸೋಮವಾರದಿಂದ ಬನ್ನಿ ಅಂತ ಅವನಿಗೆ ಹೇಳಿದೆ.

ಅದರ ಹಿಂದಿನ ದಿನ, ಭಾನುವಾರ, ಮೊಳಕಾಲ್ಮೂರಿಗೆ ಅವ್ವನನ್ನು ನೋಡಲು ಹೋದೆ. ಅವ್ವ ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಸುದ್ದಿಯನ್ನು ಜಂಬದಿಂದಲೇ ಹೇಳಿ, ಕಲಿಸುವವನು ಯಾರು ಅಂತಲೂ ಹೇಳಿದೆ. ರಾಟೆ ನಿಂತಿತು.

"ಅವ್ನಾ? ಅವ್ನು ಸೀರೆ ಒಪ್ಪಿಸ್ದೋನಲ್ಲೇನು?" ಅಂದವಳೇ ನಾಲಿಗೆ ಕಚ್ಚಿಕೊಂಡಳು.

ನಮ್ಮ ಬೀದಿಯಲ್ಲೊಂದು ಕಟ್ಟಳೆ ಇದೆ. ದೊಡ್ಡ ತಪ್ಪು ಮಾಡಿದವನು ಹಿರಿಯರ ಮುಂದೆ ಒಪ್ಪಿಕೊಂಡು, ಒಪ್ಪೊತ್ತಿನ ಊಟದಲ್ಲಿದ್ದು, ಕೈಯಾರೆ ಒಂದು ಸೀರೆ ನೇಯ್ದು ಗುಡಿಯ ಅಮ್ಮನವರಿಗೆ ಉಡಿಸಬೇಕು. ಉಡಿಸಿದ ದಿನದಿಂದ ಆ ತಪ್ಪಿನ ಮಾತನ್ನು ಯಾರೂ ಎತ್ತಬಾರದು. ಎತ್ತಿದವರಿಗೇ ದೋಷ. ರೇಷ್ಮೆ ಕದ್ದವನು, ಕುಡಿದು ಹೆಂಡತಿಗೆ ಹೊಡೆದವನು, ಅಣ್ಣನ ಮೇಲೆ ಕೈ ಮಾಡಿದವನು, ಎಲ್ಲರೂ ಹೀಗೆ ಮತ್ತೆ ನಾಲ್ಕು ಜನರೊಳಗೆ ಸೇರಿಕೊಂಡಿದ್ದಾರೆ. ಈ ಕಟ್ಟಳೆಯನ್ನು ನಾನೇ ಎಷ್ಟೋ ಸಲ ಹೊಗಳಿದ್ದೇನೆ.

"ಯಾವ ತಪ್ಪಿಗವ್ವಾ?"

"ವದ್ದಮ್ಮಾ." ಗಟ್ಟಿಯಾಗಿ ಬೇಡ ಅನ್ನಬೇಕಾದಾಗ ಅವ್ವನ ಬಾಯಿಗೆ ತೆಲುಗೇ ಬರುವುದು. "ಅಮ್ಮನೋರು ಉಟ್ಟಾಗೈತೆ. ಆ ಮಾತು ಎತ್ತಬಾರ್ದು."

"ನನ್ನ ಹಾಸ್ಟೆಲ್ನಾಗೆ ನಲವತ್ತು ಹುಡುಗೇರು ಅವ್ರೆ. ಐದನೇ ಕ್ಲಾಸಿನೋರೂ ಅವ್ರೆ."

ಅವ್ವ ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು. ಪಕ್ಕದ ಮನೆಯ ಹುಡುಗಿ, ಆಗ ಹತ್ತು ವರ್ಷ. ಅವನ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಅದಕ್ಕಿಂತ ಮುಂದೆ ಅವ್ವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನ ಮೇಲಿನ ಸಿಟ್ಟು ಒಂದು ಕಡೆ, ನನ್ನ ಮೇಲಿನ ಸಿಟ್ಟು ಇನ್ನೊಂದು ಕಡೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ತಪ್ಪು ಮಾಡಿಲ್ಲ ಅಂತ ಓದಿಕೊಂಡಿದ್ದೆನಲ್ಲ. ಯಾರೂ ಬಾಯಿ ಬಿಟ್ಟಿಲ್ಲ ಅಂತಲೂ ಅದನ್ನು ಓದಬಹುದು ಅನ್ನುವುದು ಇಷ್ಟು ವರ್ಷದ ಕೆಲಸದಲ್ಲಿ ನನಗೆ ಹೊಳೆದಿರಲಿಲ್ಲ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿ ಬರಬೇಡ ಅಂದೆ. ಅದು ಸುಲಭದ ಕೆಲಸ. ಅಷ್ಟಕ್ಕೇ ಬಿಟ್ಟರೆ ಅವನು ಇನ್ನೊಂದು ಊರಿನ ಇನ್ನೊಂದು ಗೇಟಿನ ಮುಂದೆ ನಿಲ್ಲುತ್ತಾನೆ. ಪೋಕ್ಸೋ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಮಗುವಿನ ಮೇಲಿನ ಇಂಥ ಅಪರಾಧ ಯಾರಿಗೆ ಗೊತ್ತಾದರೂ ಅವರು ಪೊಲೀಸರಿಗೆ ತಿಳಿಸಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಅದೂ ಅಪರಾಧವೇ. ತರಬೇತಿಗಳಲ್ಲಿ ಕೇಳಿ ಕೇಳಿ ಇದನ್ನು ನಾನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ನನ್ನದು ಕೇಳಿದ ಮಾತು, ಗೊತ್ತಿದ್ದವಳು ಅವ್ವ. ಅವಳು ಬಾಯಿ ಬಿಟ್ಟರೆ ಅವಳೂ ಸಿಕ್ಕಿಕೊಳ್ಳುತ್ತಾಳೆ.

ಆಗ ಈ ಶಿಸ್ತಿನ ವಾರ್ಡನ್ ಏನು ಮಾಡಿದಳು ಅಂತೀರಿ? ಅವ್ವನಿಗೆ ಸುಳ್ಳು ಹೇಳಿಕೊಡಲು ಕೂತಳು.

"ನಿನ್ನೆ ಗೊತ್ತಾತು ಅನ್ನವ್ವಾ. ನೀರು ಹಿಡಿಯೋ ಹತ್ರ ಯಾರೋ ಮಾತಾಡ್ತಿದ್ರು, ಕೇಳಿಸ್ಕಂಡೆ ಅನ್ನು. ಸಾಕು."

ಅವ್ವ ಎದ್ದಳು. ಸೀರೆ ಬದಲಾಯಿಸಿ, ಮನೆಗೆ ಬೀಗ ಹಾಕಿ, ನನಗಿಂತ ಮುಂದೆ ನಡೆದಳು. ಗುಡಿಯ ಜಗಲಿಯ ಮೇಲೆ ಅವನಿಗೆ ಸೀರೆಯ ತೀರ್ಪು ಹೇಳಿದ್ದ ಹಿರಿಯರು ಕೂತಿದ್ದರು.

"ತಾಯಿ ಮಗಳು ಎಲ್ಲಿಗೆ ಹೊಂಟ್ರಿ?"

"ಠಾಣೆಗೆ," ಅಂದಳು ಅವ್ವ, ನಿಲ್ಲದೆ.

"ಏನ್ ಕಳುವಾತಮ್ಮಾ?" ಅಂತ ಅವರು ಹಿಂದಿನಿಂದ ಕೇಳಿದರು.

ಠಾಣೆಯಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವ್ವನಿಗೆ ಕುರ್ಚಿ ಎಳೆದುಕೊಟ್ಟು, ಹುಡುಗಿಯ ಹೆಸರು ಎಲ್ಲೂ ಹೊರಗೆ ಬರುವುದಿಲ್ಲ, ಅವಳನ್ನು ಠಾಣೆಗೆ ಕರೆಸುವುದೂ ಇಲ್ಲ, ತಾವೇ ಮನೆಗೆ ಹೋಗಿ ಮಾತಾಡುತ್ತೇವೆ ಅಂದರು. ಅವ್ವ ಎಲ್ಲವನ್ನೂ ಹೇಳಿದಳು. ನನಗೆ ಹೇಳದೆ ಬಿಟ್ಟದ್ದನ್ನೂ ಹೇಳಿದಳು.

"ಅಜ್ಜಿ, ಇದು ನಿಮಗೆ ಯಾವಾಗ ಗೊತ್ತಾಯ್ತು?"

ನಾನು ಮೇಜಿನ ಕೆಳಗೆ ಅವ್ವನ ಕಾಲು ಒತ್ತಿದೆ.

"ಆರು ವರ್ಷ ಆತು."

"ಮೇಡಂ, ಅವ್ವನಿಗೆ ವಯಸ್ಸಾಗಿದೆ, ನೆನಪು ಹಿಂದೆ ಮುಂದೆ..." ಅಂತ ಶುರು ಮಾಡಿದೆ.

"ನೀ ಸುಮ್ನಿರು," ಅಂದಳು ಅವ್ವ. ಆಮೇಲೆ ಅವರ ಕಡೆ ತಿರುಗಿ, "ಬರ್ಕಳ್ರಿ. ಆ ಮಗು ಅವತ್ತು ಅಳ್ತಾ ಓಡಿ ಬಂದಿದ್ದು ಅವರವ್ವನ ಹತ್ರ ಅಲ್ಲ, ನನ್ನ ಹತ್ರ. ಯಾರಿಗೂ ಹೇಳ್ಬ್ಯಾಡ ಅಂತ ಮೊದ್ಲು ಬಾಯಿ ಮುಚ್ಚಿಸ್ದೋಳು ನಾನೇ," ಅಂದಳು.

ಸಬ್‌ಇನ್‌ಸ್ಪೆಕ್ಟರ್ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು.

ಬರೆದುಕೊಳ್ಳಿ ಅಂದೆ.