ಐವತ್ತೊಂಬತ್ತರ ಜಾಝ್‌ಗೆ ದೇಜಪ್ಪಣ್ಣನ ಸ್ಪ್ರಿಂಗು

ಶುಕ್ರವಾರದ ಬೆಳಗು. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ. ಒಂದರ ಷಟರ್ ಮಾತ್ರ ಮೊಣಕಾಲೆತ್ತರಕ್ಕೆ ತೆರೆದಿದೆ. ಬಗ್ಗಿ ಒಳಹೊಕ್ಕರೆ, ಹಳೇ ರೇಡಿಯೇಟರುಗಳ ರಾಶಿಯ ನಡುವೆ ದೇಜಪ್ಪ ದೇವಾಡಿಗರು ಸ್ಯಾಕ್ಸೊಫೋನಿನ ಹೊಟ್ಟೆಯೊಳಗೆ ಸಣ್ಣ ಬಲ್ಬೊಂದನ್ನು ಇಳಿಬಿಟ್ಟು ಕೂತಿದ್ದಾರೆ. ಮುಚ್ಚಿದ ಕೀಗಳ ಸಂದಿಯಿಂದ ಬೆಳಕು ಇಣುಕಿದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.

"ಮಾತಾಡಿ, ನಂಗೆ ಕೇಳ್ತದೆ. ಕಣ್ಣು ಮಾತ್ರ ಇಲ್ಲಿಂದ ತೆಗೀಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎನ್ನುತ್ತಾರೆ.

ಇವತ್ತು ಸಂಜೆ ಫಿಂಟಾಸ್‌ನ ಸಭಾಂಗಣವೊಂದರಲ್ಲಿ ಜಾಝ್ ಕಛೇರಿ, 1959ರ ನೆನಪಿಗೆ. ಜಾಝ್ ಹಳೆಯ ಜಾಡು ಬಿಟ್ಟು ಹೊಸ ದಾರಿಗಳನ್ನು ಹಿಡಿದ ವರ್ಷವದು. ಆಗಿನ ರೆಕಾರ್ಡುಗಳನ್ನು ಜನ ಇವತ್ತಿಗೂ ಕೇಳುತ್ತಾರೆ. ಪೋಸ್ಟರಿನಲ್ಲಿ ನುಡಿಸುವವರ ಹೆಸರಿದೆ, ಹಣ ಕೊಟ್ಟವರ ಹೆಸರಿದೆ, ಸಮೋಸಾ ಕೊಡುವ ಹೋಟೆಲಿನ ಹೆಸರೂ ಇದೆ. ದೇಜಪ್ಪಣ್ಣನ ಹೆಸರು? ಹುಡುಕಬೇಡಿ. ಅವರು ಮುಟ್ಟದಿದ್ದರೆ ಆ ವೇದಿಕೆಯ ಅರ್ಧ ವಾದ್ಯಗಳು ಉಸಿರೇ ಎತ್ತುವುದಿಲ್ಲ, ಅಷ್ಟೇ.

ಅವರ ಊರು ಮೂಲ್ಕಿ ಕಡೆ. ಮನೆಯವರದ್ದು ದೇವಸ್ಥಾನಕ್ಕೆ, ಮದುವೆಗೆ ವಾದ್ಯ ನುಡಿಸುವ ಕೆಲಸ. ಸೋದರಮಾವನ ಸ್ಯಾಕ್ಸೊಫೋನ್ ಬಿಚ್ಚಿ ಜೋಡಿಸುತ್ತಲೇ ರಿಪೇರಿ ಕಲಿತರು. ಕುವೈತಿಗೆ ಬಂದದ್ದು ರೇಡಿಯೇಟರುಗಳಿಗೆ ಬೆಸುಗೆ ಹಾಕಲು. ಈಗಲೂ ದಿನಕ್ಕೆ ಆರೇಳು ಕೈಗೆ ಬರುತ್ತವೆ. ಬೇಸಿಗೆಯಲ್ಲಿ ಷೆಡ್ಡು ಒಲೆಯ ಹಾಗೆ ಕಾಯುತ್ತದೆ. ವಾದ್ಯಗಳಿಗೆ ಸಿಗುವುದು ವಾರದ ಈ ಒಂದೇ ರಜೆ. ಇಲ್ಲಿಯ ಒಣ ಸೆಕೆಗೆ ಕೀ ಅಡಿಯ ತೊಗಲಿನ ಪ್ಯಾಡುಗಳು ಬೇಗ ಬಿರಿಯುತ್ತವೆ, ಕೆಲಸಕ್ಕೆ ಬರವಿಲ್ಲ.

ಆದರೆ ಈ ವಾರ ಎಡವಟ್ಟಾಗಿದೆ, ಮಾಡಿದವರು ಅವರೇ. ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವ ಚಾರ್ಲ್ಸ್ ಇಂದಿನ ಮುಖ್ಯ ವಾದಕ. ಅವರ ಸ್ಯಾಕ್ಸೊಫೋನಿನಲ್ಲಿ ಕೀ ಎತ್ತುವ ಸ್ಪ್ರಿಂಗುಗಳನ್ನು ದೇಜಪ್ಪಣ್ಣ ಊರಿನ ಪದ್ಧತಿಯಲ್ಲೇ ಸಡಿಲಿಸಿಬಿಟ್ಟರು. ನಮ್ಮ ಕಡೆಯ ವಾದಕರು ಕೀಯನ್ನು ಅರ್ಧಂಬರ್ಧ ಎತ್ತಿ ಸ್ವರ ಜಾರಿಸುತ್ತಾರೆ, ಅವರಿಗೆ ಮೆತ್ತಗಿರಬೇಕು. ಜಾಝ್‌ನ ಓಟಕ್ಕೆ ಕೀ ಪುಟಿದೇಳಬೇಕು. ರಿಹರ್ಸಲ್‌ನಲ್ಲಿ ಚಾರ್ಲ್ಸರ ಬೆರಳು ಮುಂದೆ ಓಡಿತು, ಸ್ವರ ಹಿಂದೆ ಉಳಿಯಿತು.

"ಫೋನಲ್ಲಿ ಎಂತ ಬೈಗುಳ ಅಂತೀರಿ! ನಂಗೇನು ಮದುವೆ ದಿಬ್ಬಣಕ್ಕೆ ಹೋಗ್ಲಿಕ್ಕುಂಟಾ ಅಂತ ಕೇಳಿದ. ತಪ್ಪು ನನ್ನದೇ. ಕೈ ಊರಿನದ್ದಲ್ವಾ, ನನ್ನನ್ನು ಕೇಳದೆಯೇ ಕೆಲಸ ಮಾಡ್ತದೆ."

ಈಗ ಒಂದೊಂದೇ ಸ್ಪ್ರಿಂಗನ್ನು ಮತ್ತೆ ಬಿಗಿ ಮಾಡುತ್ತಿದ್ದಾರೆ. ಸೂಜಿಯಂಥ ಉಕ್ಕು, ಹೆಚ್ಚು ಬಾಗಿಸಿದರೆ ಮುರಿಯುತ್ತದೆ, ಮುರಿದರೆ ಸಂಜೆಯೊಳಗೆ ಇನ್ನೊಂದು ಸಿಗುವುದಿಲ್ಲ. ಕೊನೆಯದನ್ನು ಕೂರಿಸಿ, ಕೀ ಒತ್ತಿ ಬಿಟ್ಟು ನೋಡುತ್ತಾರೆ. ಅಷ್ಟರಲ್ಲಿ ಚಾರ್ಲ್ಸ್ ಷಟರ್ ಕೆಳಗಿನಿಂದ ನುಸುಳಿ ಬರುತ್ತಾರೆ.

"ದೇಜಪ್ಪಣ್ಣಾ, ಕೆಲಸ ಖಲಾಸಾ? ಅಲ್ಲ, ನನ್ನ ಮಾನ ಖಲಾಸಾ?"

"ನುಡಿಸಿ ನೋಡು. ಆಮೇಲೆ ಬೊಬ್ಬೆ ಹಾಕು."

ಚಾರ್ಲ್ಸ್ ನಿಂತಲ್ಲೇ ಒಂದು ಓಟ ಓಡಿಸುತ್ತಾರೆ. ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸ್ವರಗಳು ಸಿಡಿಯುತ್ತವೆ. ಮತ್ತೊಮ್ಮೆ, ಇನ್ನೂ ಜೋರಾಗಿ. ಬೈಯಲು ಬಂದ ಮನುಷ್ಯನ ಮುಖ ಅರಳಿದೆ.

"ಫಸ್ಟ್ ಕ್ಲಾಸ್! ಸಂಜೆ ಬೇಗ ಬನ್ನಿ ಆಯ್ತಾ. ಯಾವಾಗ್ಲಿನ ಹಾಗೆ ಪರದೆ ಹಿಂದೆ ಸ್ಕ್ರೂಡ್ರೈವರ್ ಹಿಡ್ಕೊಂಡು ನೀವು ನಿಂತ್ರೆ ನಂಗೆ ಧೈರ್ಯ."

ದೇಜಪ್ಪಣ್ಣ ಕೈಗಂಟಿದ ಎಣ್ಣೆ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದು ಕಛೇರಿಯನ್ನೂ ಅವರು ಎದುರಿನಿಂದ ಕೇಳಿದ್ದಿಲ್ಲ.

"ಇವತ್ತು ನಿನ್ನ ವಾದ್ಯಕ್ಕೆ ಎಂತದೂ ಆಗುದಿಲ್ಲ, ನಾನು ಹೇಳ್ತೇನೆ," ಎನ್ನುತ್ತಾರೆ. "ನಂಗೆ ಎದುರು ಒಂದು ಕುರ್ಚಿ ಇಡ್ಸು."