ಬಚ್ಚಲು ಕಿತ್ತ ಜಾಗದಲ್ಲಿ ನಿಂತ ಕಾರು

ಎರಡು ವರ್ಷದ ಹಿಂದಿನ ಬೇಸಿಗೆ. ಶಿರಸಿಯ ಒಂದು ಎಲೆಕ್ಟ್ರಿಕ್ ಕಾರು ಸರ್ವಿಸ್ ಸೆಂಟರಿನಲ್ಲಿ ನಾನು ವರ್ಕ್‌ಶಾಪ್ ಮ್ಯಾನೇಜರ್ ಆಗಿದ್ದೆ. ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಗಾಡಿಗಳೂ ನಮ್ಮಲ್ಲಿಗೇ ಬರಬೇಕು. ಅದಕ್ಕೂ ಮೊದಲು ಅರ್ಧ ಆಯುಷ್ಯ ಡೀಸೆಲ್ ಜೀಪುಗಳ ಅಡಿಯಲ್ಲಿ ಮಲಗಿ ಅನ್ನ ದುಡಿದವನು ನಾನು. ಬನವಾಸಿ ಕಡೆಯ ಪಾಟೀಲ, ಬಾಯಿ ಸ್ವಲ್ಪ ಜೋರು. ಡೀಸೆಲ್ ಗಾಡಿ ಕೆಟ್ಟರೆ ಹೊಗೆ ಬರುತ್ತದೆ, ಸದ್ದು ಬರುತ್ತದೆ, ಎಣ್ಣೆ ಸೋರುತ್ತದೆ. ಏನಾದರೊಂದು ಸುಳಿವು ಕೊಡುತ್ತದೆ. ಎಲೆಕ್ಟ್ರಿಕ್ ಕಾರು ಹಾಗಲ್ಲ. ಕೆಟ್ಟರೂ ತೊಳೆದಿಟ್ಟ ಪಾತ್ರೆಯ ಹಾಗೆ ಸುಮ್ಮನೆ ಕೂತಿರುತ್ತದೆ. ಪರದೆಯ ಮೇಲೆ ಒಂದು ಕೆಂಪು ಗುರುತು ತೋರಿಸಿದರೆ ಅದೇ ದೊಡ್ಡದು.

ಈ ಕಾರುಗಳಿಗೆ ಫೋನಿಗೆ ಬರುವ ಹಾಗೆಯೇ ಅಪ್‌ಡೇಟ್ ಬರುತ್ತದೆ. ಕಾರು ಅಂಗಳದಲ್ಲಿ ನಿಂತಿರುವಾಗಲೇ ಕಂಪನಿಯವರು ಎಲ್ಲಿಂದಲೋ ಕಳಿಸಿದ ಹೊಸ ಸಾಫ್ಟ್‌ವೇರ್ ಬಂದು ಕೂರುತ್ತದೆ. ನಮ್ಮನ್ನು ಕೇಳುವುದಿಲ್ಲ, ನಮಗೆ ಹೇಳುವುದೂ ಇಲ್ಲ. ಬೈಸಿಕೊಳ್ಳುವುದಕ್ಕೆ ಮಾತ್ರ ನಾವು ಬೇಕು. ಆ ಸಲದ ಅಪ್‌ಡೇಟ್ ಬಂದ ಮೇಲೆ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಯಲ್ಲಾಪುರದ ಮೇಷ್ಟ್ರೊಬ್ಬರ ಕಾರಿನ ಪರದೆ ಕಪ್ಪಾಗಿ ಹೋಗಿತ್ತು. ಚಂದಗುಳಿಗೆ ದೇವರ ದರ್ಶನಕ್ಕೆ ಹೋದ ಕುಟುಂಬವೊಂದು ಕಾರಿನ ಬಾಗಿಲು ತೆರೆಯಲಾರದೆ ಬಿಸಿಲಲ್ಲಿ ನಿಂತಿತ್ತು. ಇಂಥವಕ್ಕೆಲ್ಲ ಮದ್ದು ಹೆಚ್ಚುಕಡಿಮೆ ಒಂದೇ. ಸಣ್ಣ ಬ್ಯಾಟರಿಯ ವೈರು ಬಿಚ್ಚುವುದು, ಸ್ವಲ್ಪ ಹೊತ್ತು ಬಿಡುವುದು, ಮತ್ತೆ ಸಿಕ್ಕಿಸುವುದು. ಬೈಗುಳ ಕೇಳಿ ಕೇಳಿ ನನಗೆ ಸಿಟ್ಟೂ ಬರುತ್ತಿರಲಿಲ್ಲ, ಕನಿಕರವೂ ಬರುತ್ತಿರಲಿಲ್ಲ. ಯಾರು ಏನೇ ಹೇಳಲಿ, ಗಾಡಿ ತಗೊಂಡು ಬರ್ರಿ ಎಂದು ಹೇಳಿ ಫೋನ್ ಇಡುತ್ತಿದ್ದೆ.

ಆ ಗದ್ದಲದ ನಡುವೆ ಬಂದವರು ಸಿದ್ದಾಪುರ ತಾಲೂಕಿನ ಮನ್ಮನೆಯ ಮಂಜುನಾಥ ನಾಯ್ಕರು. ನಾವೆಲ್ಲ ಮಂಜಣ್ಣ ಎನ್ನುತ್ತಿದ್ದೆವು. ಗದ್ದೆ ಮಾಡಿಕೊಂಡಿದ್ದ ರೈತರು, ಮಾತು ಕಡಿಮೆ. ಅವರ ಹೆಂಡತಿ ಸಾವಿತ್ರಕ್ಕನಿಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ಸಲ ಶಿರಸಿಗೆ ಬಂದು ಡಯಾಲಿಸಿಸ್ ಮಾಡಿಸಬೇಕು, ಅಂದರೆ ಮೈಯ ರಕ್ತವನ್ನು ಮಷಿನ್ನಿನಲ್ಲಿ ಹಾಯಿಸಿ ಶುದ್ಧ ಮಾಡಿಸಿಕೊಂಡು ಹೋಗಬೇಕು. ಮುಗಿದ ಮೇಲೆ ಬಸ್ಸಿನಲ್ಲಿ ಕೂತು ಹೋಗುವ ತ್ರಾಣ ಅವರಿಗೆ ಇರುತ್ತಿರಲಿಲ್ಲ. ಅದಕ್ಕೆಂದೇ ಮಂಜಣ್ಣ ಈ ಕಾರು ಕೊಂಡಿದ್ದು. ಬೇರೆಲ್ಲಿಗೂ ಅದು ಹೋಗಿದ್ದನ್ನು ನಾನು ಕಾಣೆ.

ಅವರ ತಕರಾರು ಇಷ್ಟೇ: ಅಪ್‌ಡೇಟ್ ಆದ ಮಾರನೇ ದಿನದಿಂದ ಕಾರು ಮನೆಯಲ್ಲಿ ಚಾರ್ಜ್ ಆಗುತ್ತಿಲ್ಲ. ಪ್ಲಗ್ ಹಾಕಿದ ಕೂಡಲೇ ಕೆಂಪು ದೀಪ ಬಂದು ನಿಂತುಬಿಡುತ್ತದೆ. ನಮ್ಮಲ್ಲಿ ತಂದು ಹಾಕಿದರೆ ಅದೇ ಕಾರು, ಅದೇ ಚಾರ್ಜರು, ತಕರಾರೇ ಇಲ್ಲದೆ ಚಾರ್ಜ್ ಆಯಿತು. ನಾನು ಕಂಪನಿಯ ಬೆಂಗಳೂರು ಆಫೀಸಿಗೆ ಬರೆದೆ. ಕಾರಿನಲ್ಲಿ ದೋಷವಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಹಳೆಯ ಸಾಫ್ಟ್‌ವೇರನ್ನೇ ವಾಪಸು ಹಾಕಿಕೊಡಿ ಎಂದು ಕೇಳಿದೆ. ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಎಸಿ ಕೋಣೆಯಲ್ಲಿ ಕೂತವರಿಗೆ ಮನ್ಮನೆ ಎಲ್ಲಿದೆ ಅಂತಲಾದರೂ ಗೊತ್ತೋ ಇಲ್ಲವೋ.

ಸದ್ಯಕ್ಕೆ ಒಂದು ದಾರಿ ಮಾಡಿದೆವು. ಸಾವಿತ್ರಕ್ಕ ಆಸ್ಪತ್ರೆಯಲ್ಲಿ ಮಲಗಿರುವಷ್ಟು ಹೊತ್ತು ಕಾರು ನಮ್ಮಲ್ಲಿ ಚಾರ್ಜ್ ಆಗಲಿ ಎಂದೆ. ಕೆಲವು ದಿನ ಹಾಗೇ ನಡೆಯಿತು. ಒಂದು ದಿನ ಲೈನಿನ ರಿಪೇರಿ ಎಂದು ಶಿರಸಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಕರೆಂಟು ತೆಗೆದರು. ಇದ್ದಷ್ಟು ಚಾರ್ಜಿನಲ್ಲಿ ಮನೆ ಮುಟ್ಟಬಹುದು ಎಂದು ಮಂಜಣ್ಣ ಹೊರಟರು. ಕಾನಸೂರು ದಾಟಿದ ಮೇಲೆ ಕಾರು ನಿಂತಿತು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ಹೆಂಗಸು ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ, ಹಿಂದಿನಿಂದ ಬರುವ ಯಾವುದಾದರೂ ಗಾಡಿಗೆ ಕಾಯುತ್ತ ಕೂರಬೇಕಾಯಿತು. ಅವತ್ತು ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಮಂಜಣ್ಣ ಆಮೇಲೆ ನನ್ನ ಹತ್ತಿರ ಹೇಳಿದರು.

ಅದಾಗಿ ಮುಂದಿನ ಡಯಾಲಿಸಿಸ್ಸಿಗೆ ಬಂದಾಗ ಮಂಜಣ್ಣ ನನ್ನ ಟೇಬಲ್ಲಿನ ಎದುರು ಬಂದು ನಿಂತು, ಊರಿನ ವೈರಿಂಗ್‌ನವನನ್ನು ನಾಳೆ ಕರೆಸಿದ್ದೇನೆ, ಅವನು ಏನೋ ಒಂದು ಉಪಾಯ ಮಾಡಿಕೊಡುತ್ತಾನಂತೆ ಎಂದರು. ಎಂಥ ಉಪಾಯ ಎಂದು ಕೇಳಿದೆ. ಪ್ಲಗ್ಗಿನಲ್ಲಿ ನ್ಯೂಟ್ರಲ್ಲಿನಿಂದ ಒಂದು ತುಂಡು ವೈರು ಎಳೆದು ಅರ್ಥಿಂಗಿನ ತೂತಿಗೆ ಕಟ್ಟುವುದು, ಹಾಗೆ ಮಾಡಿದರೆ ಅರ್ಥಿಂಗ್ ಸರಿಯಿಲ್ಲದಿದ್ದರೂ ಕಾರಿಗೆ ಗೊತ್ತಾಗುವುದಿಲ್ಲವಂತೆ ಎಂದರು. ಈ ಉಪಾಯ ನನಗೆ ಹೊಸದಲ್ಲ. ಕಾರು ಚಾರ್ಜ್ ಆಗುತ್ತದೆ, ನಿಜ. ಆದರೆ ನಮ್ಮ ಕಡೆ ಗಾಳಿಗೆ ಕೊಂಬೆ ಬಿದ್ದು ಕಂಬದ ವೈರು ಕಡಿಯದ ವರ್ಷ ಯಾವುದಿದೆ? ಕಡಿದದ್ದು ಕರೆಂಟು ವಾಪಸು ಹೋಗುವ ನ್ಯೂಟ್ರಲ್ ವೈರೇ ಆಗಿದ್ದರೆ, ಕಾರಿನ ಮೈಯಿಂದ ಹಿಡಿದು ಮನೆಯಲ್ಲಿ ಅರ್ಥಿಂಗ್ ತಾಗಿರುವ ಪ್ರತಿಯೊಂದು ಕಬ್ಬಿಣಕ್ಕೂ ಕರೆಂಟು ಹರಿಯುತ್ತದೆ. ಮುಟ್ಟಿದವರು ಏಳುವುದಿಲ್ಲ.

"ಅದೊಂದು ಮಾಡಬ್ಯಾಡ್ರಿ ಮಂಜಣ್ಣ. ನಾಳೆ ನಾನೇ ಬರ್ತೀನಿ" ಎಂದೆ.

"ನೀವು ಬಂದು ಆಗೂದಿಲ್ಲ ಅಂತ ಹೇಳಿ ಹೋದ್ರೆ ಎಂತ ಮಾಡೂದು? ನಾಡಿದ್ದು ಇವಳನ್ನ ಕರ್ಕೊಂಡು ಬರ್ಲೇಬೇಕಲ್ರಾ" ಎಂದರು. ವೈರಿಂಗ್‌ನವನಿಗೆ ಬರಬೇಡ ಅನ್ನಿ ಎಂದು ಇನ್ನೊಮ್ಮೆ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಮನ್ಮನೆಗೆ ಹೋದೆ. ಕಾರು ಮನೆಯ ಪಕ್ಕಕ್ಕೆ, ತಗಡು ಹೊದಿಸಿದ ಹೊಸ ಶೆಡ್ಡಿನಲ್ಲಿ, ಸಿಮೆಂಟು ನೆಲದ ಮೇಲೆ ನಿಂತಿತ್ತು. ನಾನು ಮೊದಲು ನೋಡಿದ್ದು ಅರ್ಥಿಂಗ್. ಮನೆಯಲ್ಲಿ ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯರ ಮೈಯಲ್ಲಿ ಇಳಿಯದೆ ನೇರ ಭೂಮಿಗೆ ಹೋಗಲಿ ಎಂದು ಹಾಕುವ ವೈರು ಅದು. ಕರೆಂಟು ಬರುವ ಫೇಸ್ ವೈರಿಗೂ ಅರ್ಥಿಂಗಿಗೂ ನಡುವೆ ಬಲ್ಬು ಹಿಡಿದರೆ ಉರಿಯಬೇಕು. ಇಲ್ಲಿ ಮಿಣುಕಲೂ ಇಲ್ಲ. ಹಳೆಯ ಸಾಫ್ಟ್‌ವೇರ್ ಇದನ್ನೆಲ್ಲ ಅಷ್ಟು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಹೊಸದು ಪ್ಲಗ್ ಹಾಕಿದ ಕೂಡಲೇ ಅರ್ಥಿಂಗ್ ಇದೆಯೋ ಇಲ್ಲವೋ ಎಂದು ನೋಡುತ್ತದೆ, ಇಲ್ಲದಿದ್ದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನವರು ಇದಿಷ್ಟನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು!

ಕಾರು ಕೊಟ್ಟಾಗ ನಮ್ಮ ಹುಡುಗರು ಇದೇ ಮನೆಗೆ ಬಂದು ಪರೀಕ್ಷೆ ಮಾಡಿದ್ದರು, ಆಗ ಅರ್ಥಿಂಗ್ ಸರಿಯಿತ್ತು. ಅದು ಎಲ್ಲಿಗೆ ಹೋಯಿತು ಎಂದು ವೈರು ಹಿಡಿದುಕೊಂಡು ಹೋದೆ. ಅದು ಹೋಗಿ ಇಳಿದದ್ದು ಶೆಡ್ಡಿನ ಹಿಂದೆ, ಒಣಗಿ ಬಿರುಕು ಬಿಟ್ಟ ಕೆಂಪು ಮಣ್ಣಿನ ಒಂದು ಗುಂಡಿಗೆ. ಇಲ್ಲಿ ಮೊದಲು ಏನಿತ್ತು ಎಂದು ಕೇಳಿದೆ. ಬಚ್ಚಲಿತ್ತು ಎಂದರು ಮಂಜಣ್ಣ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇದೊಂದು ಪದ್ಧತಿ. ಚಿರೆಕಲ್ಲಿನ ಕೆಂಪು ಮಣ್ಣು ಬೇಸಿಗೆಯಲ್ಲಿ ತೇವ ಹಿಡಿಯುವುದಿಲ್ಲ, ಒಣ ಮಣ್ಣಿನಲ್ಲಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಹಾಗಾಗಿ ಬಚ್ಚಲ ನೀರು ಹೋಗಿ ಇಂಗುವ ಜಾಗದಲ್ಲೇ ಅರ್ಥಿಂಗ್ ಗುಂಡಿ ತೋಡುತ್ತಾರೆ. ಮನೆಮಂದಿ ಸ್ನಾನ ಮಾಡಿದ ನೀರು ವರ್ಷವಿಡೀ ಅದನ್ನು ಒದ್ದೆಯಾಗಿ ಇಟ್ಟಿರುತ್ತದೆ. ಮಂಜಣ್ಣನ ಮನೆಯ ಬಚ್ಚಲು ಹೊರಗಿತ್ತು. ಸಾವಿತ್ರಕ್ಕನಿಗೆ ಮೆಟ್ಟಿಲಿಳಿದು ಅಲ್ಲಿಗೆ ಹೋಗುವುದು ಕಷ್ಟವಾಗುತ್ತದೆಂದು ಕಾರು ಬಂದ ಮಳೆಗಾಲ ಮುಗಿಯುತ್ತಲೇ ಮನೆಯೊಳಗೆ, ಅವರು ಮಲಗುವ ಕೋಣೆಗೆ ತಾಗಿ, ಗೀಸರ್ ಹಾಕಿಸಿ ಹೊಸ ಬಾತ್‌ರೂಮ್ ಕಟ್ಟಿಸಿದರು. ಅದರ ನೀರನ್ನು ಮನೆಯ ಇನ್ನೊಂದು ಮಗ್ಗುಲಿಗೆ ಬಿಟ್ಟರು. ಸಾವಿತ್ರಕ್ಕ ಬಾಗಿಲಿನಿಂದ ನೇರ ಕಾರು ಹತ್ತುವಂತಾಗಲಿ ಎಂದು ಬಚ್ಚಲು ಕಿತ್ತು ಅಲ್ಲೇ ಶೆಡ್ಡು ಮಾಡಿದರು. ಎಲ್ಲವನ್ನೂ ಹೆಂಡತಿಗಾಗಿಯೇ ಮಾಡಿದ್ದರು. ಗುಂಡಿಗೆ ನೀರು ಹೋಗುವುದು ನಿಂತದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಇಷ್ಟಾದರೆ ಹೊಸ ಗುಂಡಿ ತೋಡಿ ಮುಗಿಸಬಹುದಿತ್ತು. ಆದರೆ ಮೀಟರು ಹಿಡಿದಾಗ ಆ ಅರ್ಥಿಂಗ್ ವೈರಿನಲ್ಲೇ ಕರೆಂಟು ತೋರಿಸಿತು. ಮನೆಯಲ್ಲಿ ಯಾವುದೋ ವಸ್ತು ಸೋರುತ್ತಿದೆ, ಸೋರಿದ್ದಕ್ಕೆ ಇಳಿಯಲು ಭೂಮಿ ಸಿಗುತ್ತಿಲ್ಲ. ಬೋರ್ಡಿನ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುತ್ತ ಬಂದೆ. ಬಾತ್‌ರೂಮಿನದು ಇಳಿಸಿದಾಗ ಮೀಟರಿನ ಅಂಕಿ ಬಿದ್ದುಹೋಯಿತು. ಮತ್ತೆ ಸ್ವಿಚ್ಚು ಹಾಕಿ, ಒಳಗೆ ಹೋಗಿ, ಗೀಸರಿನ ಕೆಳಗಿನ ನಲ್ಲಿಗೆ ಟೆಸ್ಟರ್ ಮುಟ್ಟಿಸಿದೆ. ಟೆಸ್ಟರಿನ ದೀಪ ಹತ್ತಿತು.

ಸಾವಿತ್ರಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಏನೂ ಕೇಳುವ ಮೊದಲೇ, "ಅದ್ರಲ್ಲಿ ಜುಂ ಅಂತದೆ" ಎಂದರು.

ಯಾವಾಗಿನಿಂದ ಎಂದು ಕೇಳಿದೆ. ಮಳೆ ಹೋದಾಗಿಂದ ಎಂದರು. ಮಂಜಣ್ಣ ನಡುವೆ ಬಾಯಿ ಹಾಕಿ, ಅದು ಕರೆಂಟಿಂದಲ್ಲ, ಕಿಡ್ನಿ ಕಾಯಿಲೆಯವರಿಗೆ ಕೈಕಾಲು ಜುಂ ಎನ್ನುವುದು ಇದ್ದದ್ದೇ ಎಂದು ಡಾಕ್ಟರೇ ಹೇಳಿದ್ದಾರೆ ಎಂದರು. ಅವರೇನು ಸುಳ್ಳು ಹೇಳುತ್ತಿರಲಿಲ್ಲ. ಆ ಕಾಯಿಲೆಯಲ್ಲಿ ಹಾಗೂ ಆಗುತ್ತದೆ. ಮಂಜಣ್ಣನಿಗೆ ಬಾವಿಕಟ್ಟೆಯ ತಣ್ಣೀರಿನ ಸ್ನಾನವೇ ರೂಢಿ, ಆ ನಲ್ಲಿಯನ್ನು ಅವರು ಮುಟ್ಟಿದ್ದೇ ಇಲ್ಲ. ದಿನಾ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟುತ್ತಿದ್ದವರು ಸಾವಿತ್ರಕ್ಕ ಒಬ್ಬರೇ. ನಾನು ಟೆಸ್ಟರನ್ನು ಮಂಜಣ್ಣನ ಕೈಗೆ ಕೊಟ್ಟೆ. ಅವರು ನಲ್ಲಿಗೆ ಮುಟ್ಟಿಸಿದರು. ತೆಗೆದರು. ಮತ್ತೆ ಮುಟ್ಟಿಸಿದರು. ಆಮೇಲೆ ಟೆಸ್ಟರನ್ನು ನನಗೆ ಕೊಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಗೀಸರ್ ಕಳಚಿ ಹೊರಗಿಟ್ಟೆ. ಅದರೊಳಗಿನ ನೀರು ಕಾಯಿಸುವ ಕಾಯಿಲು ಒಡೆದಿತ್ತು. ನೀರು ಸದಾ ಚೆಲ್ಲುವ ಬಾವಿಯ ಹತ್ತಿರ ಹೊಸ ಗುಂಡಿ ತೋಡಿಸಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ಹಾಕಿ ಮುಚ್ಚಿಸಿದೆ. ಕರೆಂಟು ಸೋರಿದರೆ ತಾನಾಗಿ ಕಡಿದುಹೋಗುವ ಸ್ವಿಚ್ಚೊಂದನ್ನು ಸಿದ್ದಾಪುರದಿಂದ ತರಿಸಿ ಬೋರ್ಡಿನಲ್ಲಿ ಕೂರಿಸಿದೆ. ಸಂಜೆ ಕಾರಿಗೆ ಪ್ಲಗ್ ಹಾಕಿದರೆ ಹಸಿರು ದೀಪ ಬಂತು. ಸಾವಿತ್ರಕ್ಕ ನನಗೆ ಮಜ್ಜಿಗೆ ತಂದುಕೊಟ್ಟರು. ಅವರು ಕುಡಿಯಲಿಲ್ಲ, ಆ ಕಾಯಿಲೆಯವರಿಗೆ ನೀರೂ ಅಳತೆಯ ಮೇಲೆ. ಮಂಜಣ್ಣ, ಕಾರು ಒಂದು ಹೇಳಿದ್ದಕ್ಕೆ ಬಚಾವಾದೆವು ಎಂದರು.

"ನಾನೂ ಹೇಳಿದ್ದೆ" ಎಂದರು ಸಾವಿತ್ರಕ್ಕ. "ಕಾರು ಹೇಳ್ತು, ಶಿರಸಿಯಿಂದ ಜನ ಬಂದ್ರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟ ಖಾಲಿಯಾಯಿತಾ ಎಂದು ಕೇಳುವ ದನಿಯಲ್ಲೇ ಹೇಳಿದರು, ಲೋಟ ಇಸಿದುಕೊಂಡು ಒಳಗೆ ಹೋದರು. ನನಗೆ ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಫೋನು ಬಡಿದುಕೊಳ್ಳುತ್ತಿತ್ತು, ನಾನು ತೆಗೆಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಚಾರ್ಜ್ ಆಗುವುದಿಲ್ಲ ಎಂಬ ತಕರಾರಿಗೆ ಯಾರ ಮನೆಗೆ ಹೋದರೂ, ಮೀಟರು ತೆಗೆಯುವ ಮೊದಲು ಮನೆಯಲ್ಲಿ ಯಾರಿಗಾದರೂ ಜುಂ ಅನ್ನುತ್ತದೆಯೇ ಎಂದು ಕೇಳುತ್ತಿದ್ದೆ. ಜಗಲಿಯಲ್ಲಿ ಕೂತ ಗಂಡಸರು ಹಾಗೇನಿಲ್ಲ ಎನ್ನುತ್ತಿದ್ದರು. ಅದಾದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಇನ್ನೊಮ್ಮೆ ಕೇಳುತ್ತಿದ್ದೆ.

ನಾನು ಕೆಲಸ ಬಿಡುವ ಸ್ವಲ್ಪ ಮೊದಲು ಮಂಜಣ್ಣ ಕಾರನ್ನು ಸರ್ವಿಸಿಗೆ ತಂದರು. ಒಬ್ಬರೇ ಬಂದಿದ್ದರು. ಸಾವಿತ್ರಕ್ಕ ಆಸ್ಪತ್ರೆಯಲ್ಲಿದ್ದಾರಾ ಎಂದು ಕೇಳಿದೆ. ತೀರಿಹೋಗಿ ತಿಂಗಳಾಯಿತು ಎಂದರು. ಕಾಯಿಲೆಯಿಂದಲೇ ಹೋದದ್ದು. ಕೂರಿ ಎಂದೆ, ಕೂರಲಿಲ್ಲ. ಕಾರಿನ ಕೀಲಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟು, ಅದನ್ನೇ ನೋಡುತ್ತ ಹೇಳಿದರು:

"ಎದೆಯಲ್ಲಿ ಎಂತೋ ಆಗ್ತದೆ ಅಂದ್ಲು, ಪಾಟೀಲ್ರೆ. ಈ ಸಲ ಕೂಡ್ಲೇ ನಂಬಿದೆ. ಕೂಡ್ಲೇ ಕಾರು ತೆಗ್ದೆ."