ಅಲಿಯಾ ಹೇಳಿದ್ದು, ಹಂಸ ಬರೆದದ್ದು

ಬೆಳಗಿನ ಜಾವ. ಜೀವನ್ ಬಿಮಾ ನಗರದ ತಮ್ಮ ಪುಟ್ಟ ಮನೆಯಲ್ಲಿ ಹಂಸ ಕಿಟಕಿ ಮುಚ್ಚುತ್ತಾರೆ, ಫ್ಯಾನ್ ಆರಿಸುತ್ತಾರೆ, ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಓದಲು ಕೂರುತ್ತಾರೆ. ಇವತ್ತು ಪಿಯುಸಿಯ ಇತಿಹಾಸ ಪಾಠ. ಒಂದು ಪುಟ ಮುಗಿಯುವಷ್ಟರಲ್ಲಿ ವಿಮಾನ ನಿಲ್ದಾಣದ ಕಡೆಯಿಂದ ದಿನದ ಮೊದಲ ವಿಮಾನ ಮೇಲೇಳುತ್ತದೆ, ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತವೆ. ಹಂಸ ಟೇಪ್ ನಿಲ್ಲಿಸಿ ಕಾಯುತ್ತಾರೆ. ಸದ್ದು ಅಡಗಿದ ಮೇಲೆ ಎರಡು ಸಾಲು ಹಿಂದಿನಿಂದ ಮತ್ತೆ ಓದುತ್ತಾರೆ.

"ಆ ಸದ್ದಲ್ಲಿ ಒಂದು ಪದ ಹೋಯ್ತು ಅನ್ಕೊಳ್ಳಿ, ಆ ಮಕ್ಕಳು ಅದನ್ನ ಎಲ್ಲಿ ಹುಡುಕ್ತಾರೆ ಹೇಳಿ?" ಎನ್ನುತ್ತಾರೆ.

ಆ ಮಕ್ಕಳೆಂದರೆ ಅಂಧ ವಿದ್ಯಾರ್ಥಿಗಳು. ಹಂಸ ಅವರಿಗಾಗಿ ಪಠ್ಯಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಕೊಡುತ್ತಾರೆ. ಪರೀಕ್ಷೆ ಬಂತೆಂದರೆ ಪಕ್ಕದಲ್ಲಿ ಕುಳಿತು ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಬರೆಯುತ್ತಾರೆ. ಹೊಟ್ಟೆಪಾಡಿಗೆ ಇರುವುದು ಸಂಜೀವಪ್ಪ ಎಂಬುವವರ ಎಸ್‌ಟಿಡಿ ಬೂತಿನ ಕೆಲಸ. ಮಾರ್ಚ್ ಬಂದರೆ ಸಂಜೀವಪ್ಪನವರ ಮುಖ ಗಂಟಿಕ್ಕುತ್ತದೆ. "ಏನಮ್ಮಾ, ಮತ್ತೆ ನಿಂಗೆ ಪರೀಕ್ಷೆನಾ?" ಎಂದು ಗೊಣಗುತ್ತಲೇ ರಜೆ ಕೊಡುತ್ತಾರೆ, ಆ ದಿನದ ಸಂಬಳವನ್ನೂ ಹಿಡಿಯುತ್ತಾರೆ.

ಹಂಸ ಓದಿದ್ದು ಹಲಸೂರಿನ ಕನ್ನಡ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷ್ ಅಷ್ಟಕ್ಕಷ್ಟೆ, ಅಕ್ಷರ ಮಾತ್ರ ಮುತ್ತಿನಂತೆ. ಬೂತಿನ ಗೋಡೆಗೆ ಅವರು ಬರೆದು ಅಂಟಿಸಿದ್ದ ಇಂಗ್ಲಿಷ್ ಬೋರ್ಡನ್ನು ಕಂಡು, ಫೋನ್ ಮಾಡಲು ಬಂದಿದ್ದ ಮುನೀಂದ್ರ ಮೇಷ್ಟ್ರು ಈ ಕೆಲಸಕ್ಕೆ ಕರೆದರು. ಅಂಧ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಅವರು. ಪರೀಕ್ಷೆಯಲ್ಲಿ ಬರೆದುಕೊಡುವವರು ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕೆಂಬುದು ನಿಯಮ. "ಕಮ್ಮಿ ಓದಿದ್ದು ಉಪಯೋಗಕ್ಕೆ ಬಂದಿದ್ದು ಅದೊಂದೇ ಕಡೆ," ಎಂದು ಹಂಸ ನಗುತ್ತಾರೆ.

ಪತ್ರಿಕೆಗೊಂದು ಫೋಟೋ ಎಂದ ಕೂಡಲೇ ಆ ನಗು ಹೋಗುತ್ತದೆ. "ಫೋಟೋ ಬೇಡ ಸಾರ್. ಬರೀಲೇಬೇಕು ಅಂದ್ರೆ ಅಲಿಯಾ ವಿಷಯ ಮೊದ್ಲು ಬರೀರಿ. ಒಳ್ಳೇದೇನಾದ್ರೂ ಉಳಿದಿದ್ರೆ ಆಮೇಲೆ ಬರ್ಕೊಳ್ಳಿ."

ಅಲಿಯಾ ಪುಲಿಕೇಶಿನಗರದ ಹುಡುಗಿ, ಹುಟ್ಟಿನಿಂದ ಕಣ್ಣಿಲ್ಲ. ಎರಡು ವರ್ಷ ಹಂಸ ಓದಿದ ಕ್ಯಾಸೆಟ್ಟುಗಳನ್ನೇ ಕೇಳಿ ಓದಿದವಳು. ತೊಂಬತ್ತೊಂಬತ್ತರಲ್ಲಿ ಅವಳ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ. ಇಬ್ಬರಿಗೇ ಒಂದು ಪ್ರತ್ಯೇಕ ಕೋಣೆ. ಬಾಗಿಲ ಬಳಿ ಮೇಲ್ವಿಚಾರಕರು ಪೇಪರ್ ಓದುತ್ತಿದ್ದಾರೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯನ್ನು ಹಂಸ ಓದಿ ಹೇಳುತ್ತಾರೆ. ಮನೆ ಖಾಲಿಯಿರುವಂತಿತ್ತು, ಆದರೆ ಒಳಗೆ ಮೂವರಿದ್ದರು ಎಂಬರ್ಥದ ವಾಕ್ಯ. 'ಖಾಲಿ'ಗೆ ಮೊದಲು ಬರಬೇಕಾದ ಪದವನ್ನು ಆರಿಸಬೇಕು: ಆಬ್ವಿಯಸ್ಲಿ, ವಿಸಿಬ್ಲಿ, ಅಪ್ಯಾರೆಂಟ್ಲಿ.

ಅಲಿಯಾ ತಡಮಾಡುವುದಿಲ್ಲ. "ಅಪ್ಯಾರೆಂಟ್ಲಿ, ಅಕ್ಕಾ."

ಹಂಸರ ಪೆನ್ನು ನಿಲ್ಲುತ್ತದೆ. ವಿಸಿಬ್ಲಿ ಅಂದರೆ ಕಣ್ಣಿಗೆ ಕಾಣುವ ಹಾಗೆ. ಮನೆ ಖಾಲಿ ಎಂದು ಗೊತ್ತಾದದ್ದು ಕಣ್ಣಿನಿಂದಲೇ ತಾನೆ? ಪಾಪ, ಕಣ್ಣೇ ಇಲ್ಲದ ಮಗುವಿಗೆ ಆ ಪದ ಹೇಗೆ ಹೊಳೆಯಬೇಕು? ಹಂಸ ಬಾಗಿಲತ್ತ ನೋಡುತ್ತಾರೆ. 'ವಿಸಿಬ್ಲಿ' ಎಂದು ದುಂಡಗೆ ಬರೆಯುತ್ತಾರೆ.

"ಬರೆದ್ರಾ ಅಕ್ಕಾ?"

"ಬರೆದೆ ಕಣಮ್ಮಾ."

ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಮುನೀಂದ್ರ ಮೇಷ್ಟ್ರು ನಿಂತಿದ್ದಾರೆ. ಒಂದೊಂದೇ ಪ್ರಶ್ನೆ ಕೇಳುತ್ತಾ ಆ ಖಾಲಿ ಮನೆಯ ಪ್ರಶ್ನೆಗೆ ಬರುತ್ತಾರೆ. ಅಲಿಯಾ ತನ್ನ ಉತ್ತರ ಹೇಳುತ್ತಾಳೆ.

"ಭೇಷ್! ನೋಡೋಕೆ ಹಾಗಿದೆ, ನಿಜ ಬೇರೆ ಇರಬಹುದು ಅನ್ನೋದಕ್ಕೆ ಅದೇ ಪದ. ಕಣ್ಣಿರೋ ಹುಡುಗರು ಎಷ್ಟೋ ಜನ ವಿಸಿಬ್ಲಿ ಅಂತ ಬರೆದು ಬಂದವ್ರೆ ಕಣಮ್ಮಾ," ಎಂದು ಮೇಷ್ಟ್ರು ಗಹಗಹಿಸುತ್ತಾರೆ. ಅಲಿಯಾ ಕೂಡ ನಗುತ್ತಾಳೆ. ಅಷ್ಟರಲ್ಲಿ ಅವಳ ಅಮ್ಮ ಶಂಶುನ್ನೀಸಾ ಬಂದು ಹಂಸರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ. "ನನ್ ಮಗಳಿಗೆ ಕಣ್ಣು ನೀವೇ ಅಲ್ವಾ ಹಂಸಾ," ಎಂದು ಶೀರ್ ಖುರ್ಮಾ ಪಾಯಸ ತುಂಬಿದ ಡಬ್ಬಿ ಕೊಡುತ್ತಾರೆ.

"ಆ ಕೈ ಬಿಡಿಸ್ಕೊಳ್ಳೋಕೂ ಆಗ್ಲಿಲ್ಲ, ನಿಜ ಹೇಳೋಕೂ ಆಗ್ಲಿಲ್ಲ. ಡಬ್ಬಿ ಇಸ್ಕೊಂಡು ಬಂದ್ಬಿಟ್ಟೆ ಸಾರ್." ಇಷ್ಟು ಹೇಳುವಾಗ ಹಂಸ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

ಆ ವಾರವಿಡೀ ಬೂತಿನಲ್ಲಿ ಯಾರೋ ನಂಬರ್ ಹೇಳಿದರೆ ಬೇರೆ ಯಾವುದೋ ಒತ್ತುತ್ತಾರೆ. ಕೊನೆಗೊಂದು ಭಾನುವಾರ ಬಸ್ ಹತ್ತಿ ಅಲಿಯಾಳ ಮನೆಗೆ ಹೋಗುತ್ತಾರೆ. ಶಂಶುನ್ನೀಸಾ ಚಹಾ ತರಲು ಒಳಗೆ ಹೋದಾಗ, ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಡುತ್ತಾರೆ.

ಅಲಿಯಾ ಕೇಳುತ್ತಾಳೆ, "ಬೇರೆ ಯಾವ್ದು ಬದಲಾಯಿಸಿದ್ರಿ?"

"ಯಾವ್ದೂ ಇಲ್ಲಮ್ಮಾ. ದೇವರಾಣೆ, ಅದೊಂದೇ."

"ಅದನ್ನೂ ನೀವು ಹೇಳಿದ್ರೆ ನಾನು ನಂಬಬೇಕು, ಅಲ್ವಾ ಅಕ್ಕಾ?"

ಅಲಿಯಾಳ ದನಿ ಏರುವುದಿಲ್ಲ. "ಅಪ್ಯಾರೆಂಟ್ಲಿ ಅನ್ನೋ ಪದ ನನಗೆ ಚೆನ್ನಾಗಿ ಗೊತ್ತು. ಗೋಡೆ ಬಣ್ಣ ಹಳದಿ ಅಂತೆ, ಮಾವನ ಮುಖ ನನ್ ಥರಾನೇ ಅಂತೆ. ನನಗೆ ಎಲ್ಲಾ ಬರೀ ಅಂತೆ. ನಾನು ಬರೆಸಿದ್ದು ಒಂದಾದ್ರೂ ಹಾಗಲ್ಲ ಅನ್ಕೊಂಡಿದ್ದೆ. ಮಾರ್ಕ್ಸ್ ಹೋದ್ರೆ ಹೋಗ್ಲಿ. ನೀವು ನನ್ನ ನೋಡಿ ಪಾಪ ಅಂದ್ಕೊಂಡ್ರಲ್ಲ, ಅದು ಹೋಗಲ್ಲ."

ಒಳಗಿನಿಂದ ಚಹಾ ಬರುವಷ್ಟರಲ್ಲಿ ಹಂಸ ಬೀದಿಗೆ ಇಳಿದಿದ್ದಾರೆ.

ಮುನೀಂದ್ರ ಮೇಷ್ಟ್ರಿಗೂ ತಾವೇ ಹೋಗಿ ತಿಳಿಸುತ್ತಾರೆ, ಈ ಕೆಲಸ ಇನ್ನು ಬೇಡ ಎನ್ನುತ್ತಾರೆ. ಮೇಷ್ಟ್ರು ಚೆನ್ನಾಗಿ ಬೈಯುತ್ತಾರೆ. ಬೈದ ಮೇಲೆ, "ತಪ್ಪು ಮಾಡಿ ಓಡಿಹೋದ್ರೆ ಮುಂದಿನ ವರ್ಷ ಈ ಮಕ್ಕಳಿಗೆ ಬರೆಯೋರ್ಯಾರು? ಕೂತ್ಕೊಂಡು ಬರಿ," ಎನ್ನುತ್ತಾರೆ. ಅಲಿಯಾ ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ಡಿಗ್ರಿಯ ಪರೀಕ್ಷೆಗಳಿಗೆಲ್ಲ ಬೇರೆಯವರನ್ನು ಕರೆದುಕೊಂಡಳು.

ಅಂದಿನಿಂದ ಹಂಸ ಒಂದೊಂದು ಉತ್ತರ ಬರೆದ ಮೇಲೂ, ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತಾರೆ. ವಿದ್ಯಾರ್ಥಿ ತಪ್ಪು ಹೇಳಿದ್ದಾನೆಂದು ಗೊತ್ತಿದ್ದರೂ ತಪ್ಪನ್ನೇ ಬರೆಯುತ್ತಾರೆ, ತಪ್ಪನ್ನೇ ಓದುತ್ತಾರೆ. "ಕೈ ತಡೆಯುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ. ಈಗ್ಲೂ ಪಾಪ ಅನ್ಸುತ್ತೆ. ಆದ್ರೆ ಅದು ಅವರ ಪರೀಕ್ಷೆ."

ಅಲಿಯಾ ಈಗ ಇಂಗ್ಲಿಷ್ ಟ್ಯೂಷನ್ ಹೇಳುತ್ತಾಳೆ. ಈ ಮಾರ್ಚಿನಲ್ಲಿ ಅವಳ ಶಿಷ್ಯೆಯೊಬ್ಬಳು ತಂದೆಯ ಕೈ ಹಿಡಿದು ಬೂತಿಗೆ ಬಂದಿದ್ದಳು. ಹಂಸಕ್ಕನ ಹತ್ತಿರವೇ ಬರೆಸು ಎಂದು ಮಿಸ್ ಕಳಿಸಿದರಂತೆ. ಯಾಕೆಂದು ಹಂಸ ಕೇಳಲಿಲ್ಲ. ಆ ಹುಡುಗಿಯ ಅಷ್ಟೂ ಪರೀಕ್ಷೆ ಬರೆದುಕೊಟ್ಟು ಬಂದರು.

"ಅಲಿಯಾ ಕ್ಷಮಿಸಿದ್ದಾಳೆ ಅಂತ ನಾನು ಅನ್ಕೊಳ್ಳಲ್ಲ," ಎನ್ನುತ್ತಾರೆ ಹಂಸ. ಬೂತಿನ ಬಾಗಿಲು ತೆಗೆಯುವ ಹೊತ್ತಾಗಿದೆ; ಎದ್ದು ನಿಂತಿದ್ದಾರೆ. "ಬಿ.ಎಡ್. ಪರೀಕ್ಷೆ ಕಟ್ತಾಳಂತೆ. ಒಂದೇ ಒಂದು ಪೇಪರಿಗೆ ನನ್ನ ಕರೀಲಿ ಸಾರ್. ಅವಳು ಹೇಳ್ಲಿ, ನಾನು ಬರೀತೀನಿ. ಅಷ್ಟೇ."